ನಂಬಿಕೆ ಸಾಕೇ, ಕ್ರಿಯೆ ಬೇಕೇ? ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಪ್ರಶ್ನೆ: ನೇಮನಿಷ್ಠೆಗಳಿಲ್ಲದೆ ನಂಬಿಕೆಯಿಂದಲೇ ಮನುಷ್ಯ ನೀತಿವಂತನೆನಿಸಿಕೊಳ್ಳುತ್ತಾನೆ ಎನ್ನುತ್ತಾನೆ ಬೈಬಲಿನ ಹೊಸ ಒಡಂಬಡಿಕೆಯ ಪತ್ರದಲ್ಲಿ ಪೌಲ (ರೋಮಾ 3:28). ಬರೀ ನಂಬಿಕೆಯಿಂದಲ್ಲ, ಕ್ರಿಯೆಗಳಿಂದ ಎನ್ನುತ್ತಾನೆ ಅಲ್ಲೇ ಇನ್ನೊಂದು ಪತ್ರ ಬರೆದ ಯಾಕೋಬ (ಯಾಕೋಬ 2:24). ಸಾಲದ್ದಕ್ಕೆ ಇಬ್ಬರೂ ಯೆಹೂದ್ಯರ ಮೂಲಪುರುಷ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ. ಯಾರ ಮಾತನ್ನು ಹಿಡಿಯಬೇಕು?

ಉತ್ತರ: ಅಬ್ರಹಾಮನ ಬದುಕಿನ ಯಾವ ಘಟ್ಟವನ್ನು ಯಾರು ಎತ್ತಿಕೊಂಡಿದ್ದಾರೆ ಎಂದು ನೋಡಿ, ಅರ್ಧ ಗಂಟು ಅಲ್ಲೇ ಬಿಚ್ಚಿಕೊಳ್ಳುತ್ತದೆ.

ಪೌಲ ಎತ್ತಿಕೊಂಡದ್ದು ಆದಿಕಾಂಡದ 15ನೇ ಅಧ್ಯಾಯವನ್ನು. ಮಕ್ಕಳಿಲ್ಲದ ಅಬ್ರಹಾಮನಿಗೆ ದೇವರು ನಕ್ಷತ್ರಗಳನ್ನು ತೋರಿಸಿ ಮಾತು ಕೊಡುತ್ತಾನೆ. ಅವನು ನಂಬುತ್ತಾನೆ. ಆ ನಂಬಿಕೆ ನೀತಿಯೆಂದು ಎಣಿಕೆಯಾಗುತ್ತದೆ. ಆಗ ಅವನಿಗೆ ಸುನ್ನತಿ ಆಗಿರಲಿಲ್ಲ. 16ನೇ ಅಧ್ಯಾಯದ ಕೊನೆಗೆ ಇಷ್ಮಾಯೇಲ ಹುಟ್ಟಿದಾಗ ಅವನ ವಯಸ್ಸು 86, 17ನೇ ಅಧ್ಯಾಯದಲ್ಲಿ ಸುನ್ನತಿಯಾದಾಗ 99. ಅಂದರೆ ದೇವರು ಅವನನ್ನು ನೀತಿವಂತನೆಂದು ಎಣಿಸಿ ಕಡಿಮೆಯೆಂದರೂ 13 ವರ್ಷ ಕಳೆದ ಮೇಲೆ ಸುನ್ನತಿ ನಡೆಯಿತು. 'ಎಣಿಸಿದ್ದು ಯಾವಾಗ, ಸುನ್ನತಿಗೆ ಮುಂಚೆಯೋ ಆಮೇಲೋ?' ಎಂದು ರೋಮಾ 4:10ರಲ್ಲಿ ಪೌಲ ಕೇಳುವುದು ಈ ಅಂತರವನ್ನೇ ಮನಸ್ಸಿನಲ್ಲಿಟ್ಟುಕೊಂಡು. ಸುನ್ನತಿಯಿಲ್ಲದ ಅನ್ಯಜನರು ಮೊದಲು ಯೆಹೂದ್ಯರಂತಾಗಬೇಕು, ಆಮೇಲಷ್ಟೇ ದೇವರ ಮನೆಯವರು ಎಂಬ ಒತ್ತಾಯವನ್ನು ಅವನು ಎದುರಿಸುತ್ತಿದ್ದ. ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರನೇ ಅನ್ಯಜನರ ಪಂಕ್ತಿಯಿಂದ ಹಿಂದೆ ಸರಿದಾಗ ಪೌಲ ಎಲ್ಲರೆದುರೇ ಅವನನ್ನು ತರಾಟೆಗೆ ತೆಗೆದುಕೊಂಡದ್ದು ಗಲಾತ್ಯ 2ರಲ್ಲಿದೆ.

ಯಾಕೋಬ ಎತ್ತಿಕೊಂಡದ್ದು 22ನೇ ಅಧ್ಯಾಯವನ್ನು. ತಂದೆಗೆ 100 ವರ್ಷವಾದಾಗ ಹುಟ್ಟಿದ ಇಸಾಕ ಈಗ ಹೋಮದ ಕಟ್ಟಿಗೆ ಹೊರುವಷ್ಟು ಬೆಳೆದಿದ್ದಾನೆ, ಅಬ್ರಹಾಮ ಅವನನ್ನೇ ಯಜ್ಞವೇದಿಯ ಮೇಲೆ ಮಲಗಿಸುತ್ತಾನೆ. 15ನೇ ಅಧ್ಯಾಯದ ವಚನವನ್ನು ಯಾಕೋಬ ತಳ್ಳಿಹಾಕುವುದಿಲ್ಲ. ಅದೇ ವಚನ ಇಲ್ಲಿ ನೆರವೇರಿತು ಎನ್ನುತ್ತಾನೆ (2:23). ಅವನೆದುರು ಇದ್ದವರು ಬೇರೆ. ಚಿನ್ನದ ಉಂಗುರ ತೊಟ್ಟು ಬಂದವನಿಗೆ ಒಳ್ಳೆಯ ಆಸನ, ಕೊಳಕು ಬಟ್ಟೆಯ ಬಡವನಿಗೆ ಕಾಲ ಬಳಿ ಜಾಗ ತೋರಿಸುವ ಸಭೆ ಅದು. ಮೈಮೇಲೆ ಬಟ್ಟೆಯಿಲ್ಲದೆ, ಅಂದಿನ ಊಟಕ್ಕೂ ಗತಿಯಿಲ್ಲದೆ ನಿಂತವರಿಗೆ 'ಹೋಗಿ, ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿ' ಎಂದು ಬಾಯಿಮಾತಿನಲ್ಲಿ ಹರಸಿ ಕಳಿಸುವವರು. ದೇವರು ಒಬ್ಬನೇ ಎಂದು ದೆವ್ವಗಳೂ ನಂಬಿ ನಡುಗುತ್ತವೆ, ಅದರಿಂದ ಅವಕ್ಕೇನು ಬಂತು ಎಂದು ಯಾಕೋಬ ಕೇಳುವುದು ಇಂಥವರನ್ನು (2:19).

ಹೀಗೆ ಒಬ್ಬ ಹೊಸ್ತಿಲಲ್ಲಿ ನಿಂತವನಿಗೆ ಬರೆದ, ಇನ್ನೊಬ್ಬ ಒಳಗೆ ಬಂದು ಕೈಕಟ್ಟಿ ಕೂತವನಿಗೆ. ಪೌಲನಿಗೂ ಕೈಕಟ್ಟಿ ಕೂರುವ ನಂಬಿಕೆ ಒಪ್ಪಿಗೆಯಿರಲಿಲ್ಲ. 'ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆ' ಎಂಬುದು ಅವನದೇ ಮಾತು (ಗಲಾತ್ಯ 5:6). ಕೃಪೆಯಿಂದಲೇ ರಕ್ಷಣೆ, ಕ್ರಿಯೆಗಳಿಂದಲ್ಲ ಎನ್ನುವ ಎಫೆಸ 2:8-9 ಬಹಳ ಮಂದಿಗೆ ಬಾಯಿಪಾಠ. ಸತ್ಕ್ರಿಯೆಗಳಿಗಾಗಿಯೇ ನಮ್ಮನ್ನು ಸೃಷ್ಟಿಸಲಾಗಿದೆ ಎನ್ನುವ 10ನೇ ವಚನವನ್ನು ಮಾತ್ರ ಬಿಟ್ಟುಬಿಡುತ್ತಾರೆ. ಅರ್ಧ ತಪ್ಪು ತಿಳಿವಳಿಕೆ ಹುಟ್ಟುವುದು ಅಲ್ಲಿ. ರೋಮಾ 3:21ರಿಂದ 4ನೇ ಅಧ್ಯಾಯದ ಕೊನೆಯವರೆಗೆ ಒಂದೇ ಸಲಕ್ಕೆ ಓದಿ. ಯಾಕೋಬನ 2ನೇ ಅಧ್ಯಾಯವನ್ನು 14ನೇ ವಚನದಿಂದಲ್ಲ, 1ನೇ ವಚನದಿಂದ ಓದಿ.

ಪ್ರಶ್ನೆ: ಕಥೋಲಿಕರು ಪುಣ್ಯಕಾರ್ಯಗಳಿಂದ ರಕ್ಷಣೆ ಸಂಪಾದಿಸಬಹುದೆಂದು ನಂಬುತ್ತಾರೆ, ಪ್ರೊಟೆಸ್ಟಂಟರು ಹೇಗೆ ಬದುಕಿದರೂ ನಡೆಯುತ್ತದೆ ಎನ್ನುತ್ತಾರೆ ಎಂದು ಕೇಳಿದ್ದೇನೆ. ನಿಜವೇ?

ಉತ್ತರ: ಎರಡೂ ಸುಳ್ಳು. ಎರಡನ್ನೂ ಆಯಾ ಸಭೆಗಳೇ ಬರವಣಿಗೆಯಲ್ಲಿ ನಿರಾಕರಿಸಿವೆ.

ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ 1547ರ ಜನವರಿ 13ರಂದು ಈ ವಿಷಯದ ಮೇಲೆ 33 ವಿಧಿಗಳನ್ನು ಹೊರಡಿಸಿತು. ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ, ಸ್ವಂತ ಕ್ರಿಯೆಗಳಿಂದ ಮನುಷ್ಯ ನೀತಿವಂತನಾಗಬಲ್ಲ ಎನ್ನುವವನಿಗೆ ಬಹಿಷ್ಕಾರ ಎಂಬುದೇ ಅದರ ಮೊದಲ ವಿಧಿ. ಇತ್ತ ಜರ್ಮನ್ ಸುಧಾರಕ ಮಾರ್ಟಿನ್ ಲೂಥರನ ಅನುಯಾಯಿಗಳಾದ ಲೂಥರನ್ನರ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆ 4ನೇ ಕಲಮಿನಲ್ಲಿ ನಂಬಿಕೆಯ ಮಾತು ಹೇಳಿ, 6ನೇ ಕಲಮಿನಲ್ಲಿ ಆ ನಂಬಿಕೆ ಒಳ್ಳೆಯ ಫಲ ಕೊಡಲೇಬೇಕು ಎನ್ನುತ್ತದೆ.

ಹಾಗಾದರೆ ಜಗಳ ಯಾಕಾಯಿತು? 1517ರಲ್ಲಿ ಕಿಡಿ ಹೊತ್ತಿದ್ದು ಪಾಪವಿಮೋಚನಾ ಪತ್ರಗಳ ಮಾರಾಟದಿಂದ. ಕಥೋಲಿಕ ಸಭೆಯ ಬೋಧನೆಯ ಪ್ರಕಾರ ಆ ಪತ್ರ ಪಾಪವನ್ನು ಕ್ಷಮಿಸುವುದಿಲ್ಲ. ಪಾಪನಿವೇದನೆ ಮಾಡಿ ಕ್ಷಮೆ ಪಡೆದ ಮೇಲೂ ಉಳಿಯುವ ತಾತ್ಕಾಲಿಕ ದಂಡನೆಯನ್ನು ಇಳಿಸುತ್ತದೆ ಅಷ್ಟೆ. ಆದರೆ ಹಣ ಎಣಿಸುವ ಜಾಗದಲ್ಲಿ ಈ ಸೂಕ್ಷ್ಮ ಜನರ ಕಿವಿಗೆ ಬೀಳುವುದು ಕಷ್ಟ. ಆ ಮಾರಾಟವನ್ನು ವಿರೋಧಿಸಿದ ಲೂಥರನ ಸಿಟ್ಟು ನ್ಯಾಯವಾದದ್ದೆಂದೇ ನಮ್ಮ ಅಭಿಪ್ರಾಯ. ಈ ಹಣಗಳಿಕೆಯನ್ನು 1563ರಲ್ಲಿ ಟ್ರೆಂಟ್ ಮಹಾಸಭೆಯೂ ನಿಷೇಧಿಸಿತು.

ಅದು ನಿಂತ ಮೇಲೂ ಉಳಿದ ಭಿನ್ನಾಭಿಪ್ರಾಯ ಆಳವಾದದ್ದು. ನೀತಿವಂತನಾಗುವುದೆಂದರೆ ಪ್ರೊಟೆಸ್ಟಂಟರಿಗೆ ನ್ಯಾಯಾಧೀಶನ ತೀರ್ಪು: ಕ್ರಿಸ್ತನ ನೀತಿಯನ್ನು ಪಾಪಿಯ ಲೆಕ್ಕಕ್ಕೆ ಹಿಡಿದು ಬಿಡುಗಡೆ ಮಾಡುವುದು. ಅದು ಒಂದೇ ಸಲಕ್ಕೆ ಪೂರ್ಣ. ಬದುಕು ಬದಲಾಗುವ ಪವಿತ್ರೀಕರಣ ಅದರ ಹಿಂದೆಯೇ ಬರುತ್ತದೆ, ಆದರೆ ತೀರ್ಪಿಗೆ ಆಧಾರವಲ್ಲ. ಕಥೋಲಿಕರಿಗೆ ನೀತಿವಂತನಾಗುವುದೆಂದರೆ ಕ್ಷಮೆಯ ಜೊತೆಗೆ ಒಳಗಿನ ಮನುಷ್ಯ ಹೊಸಬನಾಗುವುದೂ ಹೌದು. ಹಾಗಾಗಿ ಅದು ಬೆಳೆಯಬಲ್ಲದು, ಮಾರಕ ಪಾಪದಿಂದ ಕಳೆದೂ ಹೋಗಬಲ್ಲದು. ಸತ್ಕ್ರಿಯೆಗಳು ಬರೀ ಗುರುತು, ಬೆಳವಣಿಗೆಗೆ ಕಾರಣವಲ್ಲ ಎನ್ನುವುದನ್ನು ಟ್ರೆಂಟ್‌ನ 24ನೇ ವಿಧಿ ಖಂಡಿಸುತ್ತದೆ. ಇಂದಿಗೂ ಎರಡೂ ಕಡೆಯವರು ಪೂರ್ತಿ ಒಂದಾಗದ ಜಾಗ ಇದೇ.

1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕಥೋಲಿಕ ಸಭೆಯೂ ನೀತಿವಂತನಾಗುವ ವಿಷಯದ ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರ ದೇವರು ನಮ್ಮನ್ನು ಸ್ವೀಕರಿಸುತ್ತಾನೆ. ಪವಿತ್ರಾತ್ಮನು ನಮ್ಮನ್ನು ಸತ್ಕ್ರಿಯೆಗೆ ಸಜ್ಜುಗೊಳಿಸಿ ಕರೆಯುತ್ತಾನೆ ಎಂಬುದು ಅದರ 15ನೇ ಪ್ಯಾರಾದ ಸಾರ. 2006ರಲ್ಲಿ ಮೆಥೊಡಿಸ್ಟರು, 2017ರಲ್ಲಿ ಸುಧಾರಿತ ಸಭೆಗಳ ಒಕ್ಕೂಟ ಅದಕ್ಕೆ ಸೇರಿಕೊಂಡವು. ಎಲ್ಲ ಪ್ರೊಟೆಸ್ಟಂಟರೂ ಒಪ್ಪಿಲ್ಲ. ಆರ್ಥೊಡಾಕ್ಸ್ ಸಭೆಗಳು ರಕ್ಷಣೆಯನ್ನು ದೇವರ ಜೀವದಲ್ಲಿ ಪಾಲುಗಾರರಾಗುವ ದಾರಿಯೆಂದೇ ಹೆಚ್ಚಾಗಿ ಕಾಣುತ್ತವೆ.

ಪ್ರಶ್ನೆ: ಯೇಸುವಿನ ಪಕ್ಕದಲ್ಲಿ ಶಿಲುಬೆಯ ಮೇಲಿದ್ದ ಕಳ್ಳನಿಗೆ ಸತ್ಕ್ರಿಯೆ ಮಾಡಲು ಸಮಯವೇ ಇರಲಿಲ್ಲವಲ್ಲ?

ಉತ್ತರ: ದೀಕ್ಷಾಸ್ನಾನಕ್ಕೂ ಸಮಯವಿರಲಿಲ್ಲ. 'ಈಹೊತ್ತೇ ಪರದೈಸಿನಲ್ಲಿರುವೆ (ಸ್ವರ್ಗದಲ್ಲಿರುವೆ)' ಎಂದು ಯೇಸು ಅವನಿಗೆ ಹೇಳಿದ ಮಾತು ಅವನ ಯಾವ ಗಳಿಕೆಗೂ ಸಿಕ್ಕ ಸಂಬಳವಲ್ಲ. ಆದರೂ ಲೂಕ 23:40-42 ಗಮನಿಸಿ: ಹಂಗಿಸುತ್ತಿದ್ದ ಜೊತೆಗಾರನನ್ನು ಗದರಿಸಿದ, ತನ್ನ ಶಿಕ್ಷೆ ನ್ಯಾಯವಾದದ್ದೆಂದು ಒಪ್ಪಿಕೊಂಡ, ಯೇಸು ತಪ್ಪಿಲ್ಲದವನೆಂದು ಸಾಕ್ಷಿ ಹೇಳಿದ. ಕೈಕಾಲು ಆಡದವನ ನಂಬಿಕೆ ನಾಲಿಗೆಯಲ್ಲಿ ಕೆಲಸ ಮಾಡಿತು. ಇದನ್ನು ನೆಪ ಮಾಡಿಕೊಂಡು ಕೊನೆಗಳಿಗೆಯಲ್ಲಿ ನೋಡಿಕೊಳ್ಳೋಣ ಎನ್ನುವವನ ಸ್ಥಿತಿ ಬೇರೆ, ಕಳ್ಳ ಮುಂದೂಡಲಿಲ್ಲ.

ಪ್ರಶ್ನೆ: ಹಿಂದೆ ಒಬ್ಬರಿಗೆ ಮೋಸ ಮಾಡಿ ಹಣ ಪಡೆದಿದ್ದೆ. ಈಗ ನಂಬಿಕೆಗೆ ಬಂದಿದ್ದೇನೆ, ದೇವರು ಕ್ಷಮಿಸಿದ್ದಾನೆ. ಹಣ ಹಿಂದಿರುಗಿಸಿದರೆ ಕ್ರಿಯೆಯಿಂದ ರಕ್ಷಣೆ ಕೊಂಡಂತಾಗುವುದಿಲ್ಲವೇ?

ಉತ್ತರ: ಇಲ್ಲ. ಹಿಂದಿರುಗಿಸಿ. ಆ ಹಣ ನಿಮ್ಮದಲ್ಲ, ಆದ್ದರಿಂದ ಅದರಿಂದ ನೀವು ಏನನ್ನೂ ಕೊಳ್ಳಲಾರಿರಿ.

ಲೂಕ 19ರಲ್ಲಿ ಸುಂಕದ ಅಧಿಕಾರಿ ಜಕ್ಕಾಯನ ಪ್ರಸಂಗದ ಕ್ರಮ ನೋಡಿ. 5ನೇ ವಚನದಲ್ಲಿ ಯೇಸು ತಾನಾಗಿಯೇ 'ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು' ಎನ್ನುತ್ತಾನೆ, ಯಾವ ಷರತ್ತೂ ಇಲ್ಲ. ಜಕ್ಕಾಯ ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಎಂದು ಎದ್ದು ನಿಲ್ಲುವುದು 8ನೇ ವಚನದಲ್ಲಿ. ಕೃಪೆ ಮೊದಲು ಮನೆಗೆ ಬಂತು, ಗಂಟು ಆಮೇಲೆ ಬಿಚ್ಚಿತು.

ಎಷ್ಟು ಕೊಡಬೇಕೆಂಬುದಕ್ಕೆ ಅರಣ್ಯಕಾಂಡ 5:7 ಒಳ್ಳೆಯ ಅಳತೆ: ತಪ್ಪನ್ನು ಒಪ್ಪಿಕೊಂಡು, ಅಸಲು ಪೂರ್ತಿ ಕೊಟ್ಟು, ಅದರ ಐದನೆಯ ಒಂದು ಭಾಗ ಸೇರಿಸುವುದು. 1000 ತೆಗೆದುಕೊಂಡಿದ್ದರೆ 1200. ಕ್ರೈಸ್ತರು ಈ ಲೆಕ್ಕಕ್ಕೆ ಕಟ್ಟುಬಿದ್ದವರಲ್ಲ, ಆದರೆ ಅಸಲಿಗಿಂತ ಕಡಿಮೆ ಕೊಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಒಮ್ಮೆಲೇ ಆಗದಿದ್ದರೆ ಅವರನ್ನೇ ಕಂಡು, ಕಂತಿನಲ್ಲಿ ಕೊಡುತ್ತೇನೆಂದು ಗಡುವು ಹೇಳಿ.

ಇಲ್ಲಿ ಹಲವರು ಎಡವುವ ಒಂದು ಜಾಗವಿದೆ. ಮೋಸ ಹೋದವರ ಮುಖ ನೋಡಲು ನಾಚಿ, ಅದೇ ಮೊತ್ತವನ್ನು ದೇವಾಲಯದ ಕಾಣಿಕೆಗೆ ಹಾಕಿಬಿಡುತ್ತಾರೆ. ಅರಣ್ಯಕಾಂಡದ ಮುಂದಿನ ವಚನ (5:8) ಅದಕ್ಕೆ ಎಡೆಗೊಡುವುದಿಲ್ಲ: ಹಣ ಸೇರಬೇಕಾದ್ದು ಮೋಸ ಹೋದವರಿಗೆ, ಅವರಿಲ್ಲದೆ, ಪಡೆದುಕೊಳ್ಳಲು ಹತ್ತಿರದ ಬಂಧುವೂ ಇಲ್ಲದಿದ್ದಾಗ ಮಾತ್ರ ಅದು ದೇವರ ಪಾಲು.