ಆ ಕಾಗದದಲ್ಲಿ ಏನಿತ್ತು?

ನಮಸ್ಕಾರ.

‘ದಿ ಫರ್ಮ್’ ಸಿನಿಮಾದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ. ಕಾಗುಣಿತದ ತಪ್ಪು ಒಂದೂ ಸಿಗಲಿಲ್ಲ. ಡೇವ್ ಗ್ರೂಸಿನ್ ಹೆಚ್ಚುಕಡಿಮೆ ಬರೀ ಪಿಯಾನೋದಲ್ಲೇ ಸಂಗೀತ ಕೊಟ್ಟಿದ್ದನ್ನು ಗಮನಿಸಿದ್ದೀರಿ, ಅದೂ ಸಂತೋಷ. ಆದರೆ ಲೇಖನವನ್ನು ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ನನಗೆ ಕಿರಿಕಿರಿಯಾದದ್ದು ನಿಮ್ಮ ಮೂರನೇ ಪ್ಯಾರಾ. ಎರಡು ಸಲ ಓದಿದೆ, ಎರಡು ಸಲವೂ ಸಿಟ್ಟು ಬಂತು. ಮೊದಲ ಸಾಲು ಹೀಗಿದೆ: “ಭ್ರಷ್ಟಾಚಾರದ ಕೂಪದಲ್ಲಿ ಸಿಲುಕಿದ ಯುವ ವಕೀಲ ಮಿಚ್ ಅದರ ವಿರುದ್ಧ ಸಿಡಿದೇಳುತ್ತಾನೆ.”

ಸಿಲುಕಿದ್ದು ಹೇಗೆ ಸ್ವಾಮಿ? ಯಾರಾದರೂ ಕತ್ತು ಹಿಡಿದು ನೂಕಿದರಾ? ಹಾರ್ವರ್ಡ್‌ನಲ್ಲಿ ಕಾನೂನು ಓದುತ್ತಾ ಹೋಟೆಲಿನಲ್ಲಿ ಸಪ್ಲೈಯರ್ ಆಗಿ ದುಡಿಯುತ್ತಿದ್ದ ಹುಡುಗ ಅವನು. ಮೆಂಫಿಸ್‌ನ ವಕೀಲರ ಕಂಪನಿ ಬೇರೆಯವರಿಗಿಂತ ಜಾಸ್ತಿ ಸಂಬಳ ಕೊಟ್ಟಿತು. ಮರ್ಸಿಡಿಸ್ ಕಾರು ಕೊಟ್ಟಿತು. ಕಡಿಮೆ ಬಡ್ಡಿಗೆ ಮನೆ ಸಾಲ ಕೊಟ್ಟಿತು, ಓದಿನ ಸಾಲವನ್ನೂ ತೀರಿಸಿತು. ಇದರಲ್ಲಿ ಯಾವುದನ್ನು ಲಂಚ ಅನ್ನುತ್ತೀರಿ? ಎಲ್ಲವೂ ನೌಕರಿಯ ಸೌಲಭ್ಯ. ನೀವಾದರೂ ಬೇಡ ಅನ್ನುತ್ತಿದ್ದಿರಾ? ನಾನಂತೂ ಅನ್ನುತ್ತಿರಲಿಲ್ಲ. ಕಾರನ್ನು ನೀವು ‘ವೈಭವದ ಜೀವನ’ ಅಂತ ಎರಡೇ ಪದದಲ್ಲಿ ಮುಗಿಸಿದ್ದೀರಿ. ಅವನನ್ನು ಕಟ್ಟಿಹಾಕಿದ ಹಗ್ಗ ಅದೇ ಅಲ್ವಾ?

ಮುಂದಿನ ಸಾಲು: “ಕೊನೆಗೆ ಮಾಫಿಯಾದ ರಹಸ್ಯ ದಾಖಲೆಗಳನ್ನು ಎಫ್‌ಬಿಐಗೆ ಒಪ್ಪಿಸಿ, ಸತ್ಯಕ್ಕೆ ಜಯ ತಂದುಕೊಡುತ್ತಾನೆ.”

ಇದು ತಪ್ಪು. ನೀವು ಪುಸ್ತಕ ಓದಿ ಸಿನಿಮಾದ ಬಗ್ಗೆ ಬರೆದಿರೋ ಏನೋ. 1991ರಲ್ಲಿ ಪ್ರಕಟವಾದ ಜಾನ್ ಗ್ರಿಶಮ್ ಕಾದಂಬರಿಯಲ್ಲಿ ಮಿಚ್ ದಾಖಲೆ ಒಪ್ಪಿಸಿ, ಹಣದೊಂದಿಗೆ ತಲೆಮರೆಸಿಕೊಳ್ಳುತ್ತಾನೆ. 1993ರಲ್ಲಿ ಸಿಡ್ನಿ ಪೊಲಾಕ್ ಅದನ್ನು ಸಿನಿಮಾ ಮಾಡಿದಾಗ ಕೊನೆಯನ್ನೇ ಬದಲಿಸಿದರು. ಸಿನಿಮಾದ ಮಿಚ್ ಓಡಿಹೋಗಲು ಒಪ್ಪುವುದಿಲ್ಲ. ಅವನ ಕಂಪನಿಯ ದೊಡ್ಡ ಕಕ್ಷಿದಾರ ಮಾಫಿಯಾ; ಅದರ ದಾಖಲೆ ಕೊಡು ಅಂತ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಬೆನ್ನು ಹತ್ತಿದೆ. ಕಕ್ಷಿದಾರರ ಗುಟ್ಟು ಬಿಟ್ಟುಕೊಟ್ಟರೆ ವಕೀಲಿ ಸನದು ಹೋಗುತ್ತದೆ, ಮಾಫಿಯಾ ಜೀವವನ್ನೂ ಬಿಡುವುದಿಲ್ಲ. ಕೊಡದಿದ್ದರೆ ಕಂಪನಿಯವರ ಜೊತೆ ಜೈಲು. ಆಗ ಅವನ ಕಣ್ಣಿಗೆ ಬೀಳುವುದು ಫೀಸಿನ ಬಿಲ್ಲುಗಳು. ಕಂಪನಿ ಕೆಲಸ ಮಾಡಿದ್ದಕ್ಕಿಂತ ಜಾಸ್ತಿ ಗಂಟೆ ತೋರಿಸಿ ಕಕ್ಷಿದಾರರಿಗೆ ಬಿಲ್ ಹಾಕುತ್ತಿತ್ತು. ಆ ಬಿಲ್ಲುಗಳು ಅಂಚೆಯಲ್ಲಿ ಹೋಗುತ್ತಿದ್ದವು. ಮೋಸದ ಬಿಲ್ಲನ್ನು ಅಂಚೆಗೆ ಹಾಕುವುದು ಅಮೆರಿಕದಲ್ಲಿ ಫೆಡರಲ್ (ಕೇಂದ್ರ ಕಾನೂನಿನ) ಅಪರಾಧ. ಒಂದೊಂದು ಲಕೋಟೆಯೂ ಒಂದೊಂದು ಅಪರಾಧ.

ಅದನ್ನು ಹಿಡಿದುಕೊಂಡು ಅವನು ಸೀದಾ ಷಿಕಾಗೋ ಮಾಫಿಯಾದ ಮೊರೊಲ್ಟೋಗಳ ಹತ್ತಿರವೇ ಹೋಗುತ್ತಾನೆ. ನಾನು ನಿಮ್ಮ ವಕೀಲ, ನಿಮ್ಮ ಗುಟ್ಟು ನನ್ನಲ್ಲೇ ಇರುತ್ತದೆ, ಬಿಲ್ಲುಗಳನ್ನು ಮಾತ್ರ ಸರ್ಕಾರಕ್ಕೆ ಕೊಡಲು ಒಪ್ಪಿಗೆ ಕೊಡಿ ಅನ್ನುತ್ತಾನೆ. ಅಂದರೆ ಕೊಲೆಗಡುಕರ ಗುಟ್ಟು ಕಾಯುವ ಮಾತು ಕೊಟ್ಟು ತನ್ನ ಜೀವ, ಸನದು ಎರಡನ್ನೂ ಉಳಿಸಿಕೊಂಡ. ಎಡ್ ಹ್ಯಾರಿಸ್ ಮಾಡಿದ ಎಫ್‌ಬಿಐ ಅಧಿಕಾರಿ ಅಷ್ಟೊಂದು ಉರಿದುಬೀಳುವುದು ಸುಮ್ನೆ ಅಲ್ಲ. ಅವನಿಗೆ ಹುಲಿ ಬೇಕಿತ್ತು, ಸಿಕ್ಕಿದ್ದು ಹುಲಿಯ ಗುಮಾಸ್ತರು. ಇದನ್ನು ಸತ್ಯದ ಜಯ ಅನ್ನಬೇಕಾ? ಇಷ್ಟು ವರ್ಷದ ಮೇಲೂ ನನಗೆ ತೀರ್ಮಾನವಾಗಿಲ್ಲ. ನೀವು ಅರ್ಧ ಸಾಲಿನಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೀರಿ, ಸಿಟ್ಟು ಅದಕ್ಕೇ.

ಪೂರ್ತಿ ನಿಮ್ಮ ತಪ್ಪೂ ಅಲ್ಲ ಬಿಡಿ. ಪತ್ರಿಕೆಗೆ ಸೇರಿದ ಹೊಸದರಲ್ಲಿ ನಾನೂ ಒಂದು ಕೋರ್ಟು ಸಿನಿಮಾದ ವಿಮರ್ಶೆ ಬರೆದಿದ್ದೆ. “ನಾಯಕ ಹಾಜರುಪಡಿಸುವ ಒಂದು ದಾಖಲೆಯಿಂದ ಇಡೀ ಮೊಕದ್ದಮೆ ತಲೆಕೆಳಗಾಗುತ್ತದೆ” ಅಂತ ಒಂದು ಸಾಲು. ಬಹಳ ಚೆನ್ನಾಗಿದೆ ಅಂದುಕೊಂಡಿದ್ದೆ. ಹಿರಿಯ ಉಪಸಂಪಾದಕರು ಪೆನ್ನಿನ ಮುಚ್ಚಳ ಕೂಡ ತೆಗೆಯದೆ ಕೇಳಿದರು, “ಯಾವ ದಾಖಲೆ?”

“ಅದೇ ಸಾರ್, ಮುಖ್ಯವಾದ ದಾಖಲೆ.”

“ಮುಖ್ಯವಾದದ್ದು ಅಂತ ಅದರ ಮೇಲೆ ಬರೆದಿತ್ತಾ?”

ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಆ ದೃಶ್ಯದಲ್ಲಿ ನಾನು ನೋಡಿದ್ದು ನಾಯಕನ ಮುಖ. ಸಂಜೆ ಸ್ವಂತ ದುಡ್ಡಿನಲ್ಲಿ ಮತ್ತೆ ಟಿಕೆಟ್ ತೆಗೆದುಕೊಂಡು ಕೂತೆ. ಅದೊಂದು ಬಾಡಿಗೆ ರಸೀದಿ. ತಾರೀಕು ಹೊಂದುತ್ತಿರಲಿಲ್ಲ, ಅಷ್ಟೇ. ಮರುದಿನ ‘ಬಾಡಿಗೆ ರಸೀದಿ’ ಅಂತ ತಿದ್ದಿ ಕೊಟ್ಟೆ. ಅವರು ಏನೂ ಹೇಳದೆ ಅಚ್ಚಿಗೆ ಕಳಿಸಿದರು. ಆಮೇಲೆ ಎಷ್ಟೋ ವರ್ಷ ಸಿನಿಮಾದಲ್ಲಿ ಯಾರ ಕೈಯಲ್ಲಿ ಕಾಗದ ಕಂಡರೂ ನನ್ನ ಕಣ್ಣು ಅದರ ಮೇಲೇ ಹೋಗುತ್ತಿತ್ತು. ಕಥೆ ತಪ್ಪಿಹೋಗುತ್ತಿತ್ತು, ಅದು ಬೇರೆ ಮಾತು.

ನೀವೂ ಸಿನಿಮಾವನ್ನು ಇನ್ನೊಂದು ಸಲ ನೋಡಿ. ಮೂರನೇ ಪ್ಯಾರಾ ಪೂರ್ತಿ ಕಿತ್ತು, ಲೇಖನವನ್ನು ಬಿಲ್ಲಿನಿಂದಲೇ ಶುರು ಮಾಡಿ. ‘ಸೀಟಿನ ತುದಿಯಲ್ಲಿ ಕೂರಿಸುವ’ ಅನ್ನುವುದು ನಾಲ್ಕು ಕಡೆ ಬಂದಿದೆ, ನಾಲ್ಕನ್ನೂ ತೆಗೆಯಿರಿ. ನಟಿ ಹಾಲಿ ಹಂಟರ್ ಬಗ್ಗೆ ಬರೆದ ಎರಡು ಸಾಲು ಮುಟ್ಟಬೇಡಿ, ಅವು ನಿಮ್ಮ ಕಣ್ಣಿಂದಲೇ ನೋಡಿ ಬರೆದ ಹಾಗಿವೆ. ತಿದ್ದಿದ ಮೇಲೆ ನನ್ನ ಹೆಸರಿಗೇ ಕಳಿಸಿ.