ಚಾಪ್ಲೇನ್ ಹತ್ರ ಹೋಗೋದಾ, ಬೇಡ್ವಾ?

ತಂಗಿ, ದಾವಣಗೆರೆಯಿಂದ ನೀನು ಬರೆದದ್ದು ಓದಿದೆ. ಬಾಸ್ಟನ್ನಿನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಯೂನಿವರ್ಸಿಟಿಯ ಮೇಲ್‌ನಲ್ಲಿ ಮೊದಲ ವಾರವೇ ಚಾಪ್ಲೇನ್ ಆಫೀಸಿಗೂ ಬನ್ನಿ ಅಂತಿದೆ. ಚಾಪ್ಲೇನ್ ಅಂದರೆ ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿಗಳ ಧರ್ಮದ ವಿಚಾರ, ಕಷ್ಟಸುಖ ನೋಡಿಕೊಳ್ಳುವವರು. ಅದನ್ನು ನೋಡಿ ಅಪ್ಪ "ಅದು ಪಾದ್ರಿ ಕೆಲಸ, ಮತಾಂತರ ಮಾಡ್ತಾರೆ, ಆ ಕಡೆ ತಲೆ ಹಾಕಬೇಡ" ಅಂದಿದ್ದಾರೆ. ನಿಜಾನಾ ಅಕ್ಕಾ ಅಂತ ಕೇಳಿದ್ದೀಯ. ಚಳಿ, ಬಾಡಿಗೆ, ಅಡುಗೆ ಬಗ್ಗೆ ಹೇಳುವುದಕ್ಕೆ ಬೇಕಾದಷ್ಟು ಜನ ಇದ್ದಾರೆ. ನಾನು ಇದೊಂದನ್ನೇ ಹೇಳುತ್ತೇನೆ.

ಅಪ್ಪನ ಭಯ ಸುಮ್ನೆ ಹುಟ್ಟಿದ್ದಲ್ಲ. ಈ ಕೆಲಸ ಚರ್ಚಿನಿಂದಲೇ ಬಂದದ್ದು. ಆದರೆ ಈಗ ಕಾಲ ಬದಲಾಗಿದೆ. 2008ರಲ್ಲಿ ಪ್ರಿನ್ಸ್‌ಟನ್ ಯೂನಿವರ್ಸಿಟಿ ಹಿಂದೂ ವಿದ್ಯಾರ್ಥಿಗಳಿಗೆ ಅಂತಲೇ ಪೂರ್ಣಾವಧಿ ಚಾಪ್ಲೇನ್ ನೇಮಿಸಿತು. 2021ರಲ್ಲಿ ಹಾರ್ವರ್ಡ್‌ನ ಚಾಪ್ಲೇನ್‌ಗಳೆಲ್ಲ ಸೇರಿ ಅಧ್ಯಕ್ಷರನ್ನಾಗಿ ಆರಿಸಿದ್ದು ಗ್ರೆಗ್ ಎಪ್‌ಸ್ಟೀನ್ ಅನ್ನುವ ನಾಸ್ತಿಕರನ್ನು! ದೇವರನ್ನೇ ನಂಬದವರು ಯಾರನ್ನು ಮತಾಂತರ ಮಾಡ್ತಾರೆ, ಹೇಳು.   

ಅವರು ಮಾಡುವ ಕೆಲಸ ಏನು ಅಂತ ನಾನು ಕಣ್ಣಾರೆ ನೋಡಿದ್ದು ಒಂದು ಡಿಸೆಂಬರಿನಲ್ಲಿ. ಹರಿಹರದ ಕಡೆಯ ಹುಡುಗನೊಬ್ಬ ಇದ್ದ. ಪರೀಕ್ಷೆ ವಾರದಲ್ಲಿ ಅವನ ಅಜ್ಜಿ ತೀರಿಕೊಂಡರು. ಟಿಕೆಟ್ ತೆಗೆದುಕೊಂಡು ಹೊರಟರೂ ಮಣ್ಣಿಗೆ ಸಿಗುವುದಿಲ್ಲ. ಊರಿನಲ್ಲಿ ಮಣ್ಣು ಬೆಳಿಗ್ಗೆ ಹನ್ನೊಂದೂವರೆಗೆ, ಅಂದರೆ ಇಲ್ಲಿ ರಾತ್ರಿ ಒಂದು ಗಂಟೆ. ರೂಮಿನಲ್ಲಿ ಜೊತೆಗಿದ್ದವರು ಮಲಗಿದ್ದರು. ಅವನ ಫೋನಿಗೆ ಚಾಪ್ಲೇನ್ ಎದ್ದು ಬಂದರು. ಮೆಥಡಿಸ್ಟ್ ಚರ್ಚಿನ ಹೆಂಗಸು, ಐವತ್ತು ದಾಟಿದವರು. ಪ್ರಾರ್ಥನಾ ಕೋಣೆಯ ಬೀಗ ತೆಗೆದು, ಶೂ ಹೊರಗೆ ಬಿಟ್ಟು, ನೆಲದ ಮೇಲೆ ಕೂತರು. "ನಿಮ್ಮಲ್ಲಿ ಈ ಹೊತ್ತಿಗೆ ಏನು ಮಾಡ್ತಾರೆ?" ಅಂತ ಅವನನ್ನೇ ಕೇಳಿದರು. ಅವನು ವಿಭೂತಿ ಹಚ್ಚಿಕೊಂಡ. ಫೋನನ್ನು ಬೈಬಲ್‌ಗಳ ಸಾಲಿಗೆ ಒರಗಿಸಿಟ್ಟು ವಾಟ್ಸಾಪ್ ವಿಡಿಯೋದಲ್ಲಿ ಸಮಾಧಿ ಮಾಡುವುದನ್ನು ನೋಡಿದ. ಆಕೆ ಒಂದೂ ಉಪದೇಶ ಹೇಳಲಿಲ್ಲ. ಬೆಳಿಗ್ಗೆ ಡೀನ್‌ಗೆ ಮೇಲ್ ಹಾಕಿ ಪರೀಕ್ಷೆ ಮುಂದೂಡಿಸಿದರು. ಸುದ್ದಿ ಕೇಳಿ ಓಡಿದ್ದ ನಾನು ಬಾಗಿಲ ಹತ್ತಿರವೇ ಕೂತಿದ್ದೆ.

ಉಳಿದ ದಿನಗಳ ಕೆಲಸ ಇಷ್ಟು ದೊಡ್ಡದಲ್ಲ. ಇಲ್ಲಿನ ಹಾಸ್ಟೆಲ್‌ಗಳಲ್ಲಿ ಸಾಮಾನ್ಯವಾಗಿ ಮೇಣದಬತ್ತಿ ಕೂಡ ಹಚ್ಚುವ ಹಾಗಿಲ್ಲ. ಹಾಗಾಗಿ ದೀಪಾವಳಿಗೆ ನಿಜವಾದ ದೀಪ ಹಚ್ಚಬೇಕಾದರೆ ಜಾಗ, ಅನುಮತಿ ಎಲ್ಲಾ ಕೊಡಿಸುವುದು ಇವರೇ. ಲ್ಯಾಬ್‌ನಲ್ಲಿ ಗೈಡ್ ಜೊತೆ ಜಗಳ, ರೂಮ್‌ಮೇಟ್ ಕಾಟ, ಮನೆಯಲ್ಲಿ ಗಂಡು ನೋಡ್ತಿದ್ದಾರೆ ಅನ್ನುವ ಗೋಳು, ಎಲ್ಲವನ್ನೂ ಕೇಳುತ್ತಾರೆ.

ಆದರೆ ಒಂದು ಗೊತ್ತಿರಲಿ. ನಮ್ಮ ಸಿರಿಗೆರೆಯ ಸದ್ಧರ್ಮ ನ್ಯಾಯಪೀಠಕ್ಕೆ ಜನ ವ್ಯಾಜ್ಯ ತಗೊಂಡು ಹೋಗ್ತಾರಲ್ಲ, ಸ್ವಾಮೀಜಿ ಇಬ್ಬರನ್ನೂ ಕೂರಿಸಿ ತೀರ್ಮಾನ ಹೇಳುತ್ತಾರೆ. ಚಾಪ್ಲೇನ್ ತೀರ್ಮಾನ ಹೇಳುವವರಲ್ಲ. "ನೀನು ಏನು ಅಂದುಕೊಂಡಿದ್ದೀಯ?" ಅಂತ ತಿರುಗಿ ನಿನ್ನನ್ನೇ ಕೇಳುತ್ತಾರೆ. ಹಿರಿಯರ ಮಾತಿಗೆ ಕಾದು ಬೆಳೆದ ನಮಗೆ ಮೊದಮೊದಲು ಸಿಟ್ಟೇ ಬರುತ್ತದೆ. ಇವರು ಡಾಕ್ಟರೂ ಅಲ್ಲ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅನ್ನುವುದು ವಾರಗಟ್ಟಲೆ ಆದರೆ ಕೌನ್ಸೆಲಿಂಗ್ ಸೆಂಟರಿಗೇ ಹೋಗಬೇಕು. ಅಲ್ಲಿಗೆ ದಾರಿ ತೋರಿಸುವುದೂ ಇವರ ಕೆಲಸವೇ.

ಹೇಳಿದ್ದು ಅಪ್ಪನಿಗೆ, ಪ್ರೊಫೆಸರಿಗೆ ಹೋಗುತ್ತಾ ಅಂತ ನಿನಗೆ ಅನುಮಾನ ಬರಬಹುದು. ಸಾಮಾನ್ಯವಾಗಿ ಇಲ್ಲ. ಯಾರದಾದರೂ ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ ಸುಮ್ಮನಿರುವ ಹಾಗಿಲ್ಲ. ನಿಯಮಗಳು ಒಂದೊಂದು ಕಡೆ ಒಂದೊಂದು ಥರ, ಅದಕ್ಕೆ ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿಬಿಡು. ಯಾರೂ ತಪ್ಪು ತಿಳಿಯುವುದಿಲ್ಲ.

ಅಪ್ಪ ಹೆದರಬೇಕಾದವರು ಬೇರೆ ಇದ್ದಾರೆ. ಹೊಸಬರು ಬಂದ ವಾರ ಕ್ಯಾಂಪಸ್ಸಿನಲ್ಲಿ ಪುಕ್ಕಟೆ ಪಿಜ್ಜಾ ಕೊಟ್ಟು ಫೋನ್ ನಂಬರ್ ಬರೆಸಿಕೊಳ್ಳುವ ಗುಂಪುಗಳು. ಎಲ್ಲಾ ಧರ್ಮದವರೂ ಇರುತ್ತಾರೆ, ನಮ್ಮವರೂ ಸೇರಿ. ಹೆಚ್ಚಿನವರು ಒಳ್ಳೆಯವರೇ. ಆದರೆ ಬಿಡದೆ ಬೆನ್ನು ಹತ್ತಿದರೆ ಅದನ್ನೂ ಚಾಪ್ಲೇನ್ ಆಫೀಸಿಗೇ ಹೇಳಬಹುದು.

ಇದನ್ನು ಅಪ್ಪನಿಗೆ ಓದಿ ಹೇಳು. ಸಮಾಧಾನ ಆಗದಿದ್ದರೆ ಭಾನುವಾರ ಬೆಳಿಗ್ಗೆ ಏಳಕ್ಕೆ ನನಗೆ ಫೋನ್ ಮಾಡಲಿ. ಇಲ್ಲಿ ಆಗ ಶನಿವಾರ ರಾತ್ರಿ, ಎದ್ದೇ ಇರುತ್ತೇನೆ.