ಪಾಂಡವರ ಮನೆ, ನಿಲಸುಗಲ್ಲು ಇವನ್ನೆಲ್ಲ ಇಂಗ್ಲಿಷ್‌ನಲ್ಲಿ ವಿವರಿಸುವುದು ಹೇಗೆ?

ಮೂಡಿಗೆರೆ ಕಡೆ ಹೋಮ್‌ಸ್ಟೇ ನಡೆಸುತ್ತೀರಿ. ಊರವರು ಪಾಂಡವರ ಮನೆ ಎನ್ನುವ ಹಳೆಯ ಕಲ್ಲುಗೋರಿಗಳ, ನೆಟ್ಟು ನಿಲ್ಲಿಸಿದ ನಿಲಸುಗಲ್ಲುಗಳ ಬಗ್ಗೆ ಹೊರದೇಶದ ಅತಿಥಿಗಳಿಗೆ ಹೇಳಹೋದರೆ ‘ಬಿಗ್ ಸ್ಟೋನ್, ಓಲ್ಡ್ ಸ್ಟೋನ್’ ಬಿಟ್ಟು ಬೇರೆ ಪದ ಬರುವುದಿಲ್ಲ, ಹೇಗೆ ಕಲಿಯಲಿ ಎಂದು ಕೇಳಿದ್ದೀರಿ. ಹಾಸನದಲ್ಲಿ ಗೈಡ್ ಕೆಲಸಕ್ಕೆ ತಯಾರಾಗುವವರಿಗೆ ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಪದಪಟ್ಟಿ ಬಾಯಿಪಾಠ ಮಾಡಬೇಡಿ. ಕಲ್ಲನ್ನು ಹೇಗೆ ನಿಲ್ಲಿಸಿದ್ದಾರೆ ಅಂತ ಮೊದಲು ನೋಡಿ, ಅದಕ್ಕೆ ತಕ್ಕ ಪದ ಕಲಿಯಿರಿ.

ಒಂದೇ ಕಲ್ಲು ನೆಟ್ಟಿದ್ದರೆ ಮೆನ್‌ಹಿರ್. ‘ಸ್ಟ್ಯಾಂಡಿಂಗ್ ಸ್ಟೋನ್’ ಅಂದರೂ ಸರಿಯೇ. ಚಪ್ಪಡಿಗಳನ್ನು ನಿಲ್ಲಿಸಿ ಮೇಲೆ ಇನ್ನೊಂದು ಮುಚ್ಚಿದ್ದರೆ ಡಾಲ್ಮೆನ್. ಅಂಥದ್ದೇ ಕಲ್ಲುಪೆಟ್ಟಿಗೆ ನೆಲದೊಳಗಿದ್ದರೆ ಸಿಸ್ಟ್. ಗೋರಿ ಮೇಲೆ ಕಲ್ಲು ರಾಶಿ ಹಾಕಿದ್ದರೆ ಕೇರ್ನ್. ಸುತ್ತ ಗುಂಡುಕಲ್ಲು ಜೋಡಿಸಿದ್ದರೆ ಸ್ಟೋನ್ ಸರ್ಕಲ್. ಎಲ್ಲಕ್ಕೂ ಸೇರಿ ಮೆಗಾಲಿತ್. ಹಳೆಯ ಬ್ರಿಟಿಷ್ ವರದಿಗಳಲ್ಲಿ ಕ್ರೋಮ್ಲೆಕ್ ಎಂದಿದ್ದರೆ ಹೆಚ್ಚಾಗಿ ಅದು ಡಾಲ್ಮೆನ್ನೇ.

ಹೆಸರಿಗಿಂತ ಕಷ್ಟ ವಿವರಣೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ಗೆ ಒಮ್ಮೆ ಹೋಗಿ ಬನ್ನಿ. ಸುಮಾರು 400 ಮೆಗಾಲಿತ್‌ಗಳಿವೆ, ಇಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಅಲ್ಲಿನ ಒಂದು ಕಲ್ಲುಮನೆ ಮುಂದೆ ನಿಂತು ಕೆಳಗಿನಿಂದ ಮೇಲಕ್ಕೆ ಹೇಳುತ್ತಾ ಹೋಗಿ. ನಿಂತ ಚಪ್ಪಡಿ ‘ಅಪ್‌ರೈಟ್ ಸ್ಲ್ಯಾಬ್’. ಮೇಲಿನದು ‘ಕ್ಯಾಪ್‌ಸ್ಟೋನ್’, ಅದು ‘ರೆಸ್ಟ್ಸ್ ಆನ್’ ಅಪ್‌ರೈಟ್ಸ್. ಮುಂದಿನ ಚಪ್ಪಡಿಯಲ್ಲಿ ಕೊರೆದ ದುಂಡನೆಯ ಕಿಂಡಿ ‘ಪೋರ್ಟ್‌ಹೋಲ್’. ಕಲ್ಲು ವಾಲಿದ್ದರೆ ‘ಲೀನ್ಸ್’, ತುದಿಗೆ ಹೋಗ್ತಾ ಸಣ್ಣಗಾದರೆ ‘ಟೇಪರ್ಸ್’. ಉಳಿಯಿಂದ ನಯ ಮಾಡಿದ್ದರೆ ‘ಡ್ರೆಸ್ಡ್’, ಬಂಡೆಯಿಂದ ಎಬ್ಬಿಸಿ ಹಾಗೇ ಬಿಟ್ಟಿದ್ದರೆ ‘ಅನ್‌ಡ್ರೆಸ್ಡ್’. ಈ ಸಣ್ಣ ಪದಗಳು ಬಂದರೆ ಮಾತು ತಾನಾಗಿ ಓಡುತ್ತದೆ.

ನಮ್ಮ ಕಡೆ ಒಂದು ಎಚ್ಚರಿಕೆ ಬೇಕು. ಊರೂರಲ್ಲಿ ಕಾಣುವ ವೀರಗಲ್ಲು, ಮಾಸ್ತಿಗಲ್ಲು ಮೆಗಾಲಿತ್ ಅಲ್ಲ. ಅವು ಎಷ್ಟೋ ಕಾಲದ ನಂತರದವು, ‘ಹೀರೋ ಸ್ಟೋನ್’, ‘ಸತಿ ಸ್ಟೋನ್’ ಅನ್ನಿ. ಶ್ರವಣಬೆಳಗೊಳದ ಗೊಮ್ಮಟೇಶ್ವರ ಸುಮಾರು 58 ಅಡಿ ಎತ್ತರ, ಒಂದೇ ಕಲ್ಲಿನಲ್ಲಿ ಕೆತ್ತಿದ್ದು. ಅದಕ್ಕೆ ‘ಮೊನೊಲಿತ್’ ಎನ್ನಬೇಕು. ಮೆಗಾಲಿತ್, ಮೊನೊಲಿತ್ ಈ ಎರಡು ಪದ ಅದಲುಬದಲಾಗುವುದು ಜಾಸ್ತಿ.

ಇನ್ನೊಂದು, ಇವನ್ನು ‘ಸ್ಟೋನ್ ಏಜ್’ ಅನ್ನಬೇಡಿ. ಕಲ್ಲಿನದ್ದು ಅಂದ ಮಾತ್ರಕ್ಕೆ ಶಿಲಾಯುಗ ಆಗುವುದಿಲ್ಲ, ಅಲ್ವಾ? ದಕ್ಷಿಣ ಭಾರತದ ಮೆಗಾಲಿತ್‌ಗಳು ಬಹುಪಾಲು ‘ಐರನ್ ಏಜ್’ನವು. ಎಷ್ಟೋ ಗೋರಿಗಳಲ್ಲಿ ಕಬ್ಬಿಣದ ಆಯುಧ, ಕಪ್ಪು-ಕೆಂಪು ಮಡಕೆ ಸಿಕ್ಕಿವೆ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬ ದೊಡ್ಡ ಕಲ್ಲುಗಳ ವೃತ್ತ ಬೇರೆ. ದೊಡ್ಡ ಕಲ್ಲುಗಳನ್ನು ಅಲ್ಲಿ ನಿಲ್ಲಿಸಿದ್ದು ಸುಮಾರು ಕ್ರಿ.ಪೂ. 2500ರಲ್ಲಿ. ಅತಿಥಿಗಳು ಅದಕ್ಕೆ ಹೋಲಿಸಿ ಕೇಳಿಯೇ ಕೇಳುತ್ತಾರೆ. ಅಲ್ಲಿ ಎರಡು ಕಂಬದ ಮೇಲೆ ಅಡ್ಡ ಇಟ್ಟ ಕಲ್ಲು ಕ್ಯಾಪ್‌ಸ್ಟೋನ್ ಅಲ್ಲ, ‘ಲಿಂಟೆಲ್’. ನಮ್ಮ ಮೇಸ್ತ್ರಿಗಳು ಬಾಗಿಲ ಮೇಲೆ ಹಾಕುವ ಲಿಂಟಲ್ಲೇ. ಆ ಮೂರೂ ಸೇರಿದರೆ ‘ಟ್ರೈಲಿಥಾನ್’.

ಪಾಂಡವರ ಕಥೆಯನ್ನು ದಯವಿಟ್ಟು ಬಿಡಬೇಡಿ. ಅದು ನಮ್ಮ ಅಜ್ಜ ಅಜ್ಜಿಯರು ಕೊಟ್ಟ ಹೆಸರು. ‘ಲೋಕಲಿ ನೋನ್ ಆ್ಯಸ್ ದಿ ಹೌಸ್ ಆಫ್ ದಿ ಪಾಂಡವಾಸ್’ ಎಂದು ಹೇಳಿ, ಆಮೇಲೆ ‘ಆರ್ಕಿಯಾಲಜಿಸ್ಟ್ಸ್ ಥಿಂಕ್ ಇಟ್ ಈಸ್ ಎ ಬರಿಯಲ್’ ಎಂದು ಸೇರಿಸಿ. ನಂಬಿಕೆ ಯಾವುದು, ಪುರಾತತ್ವ ಯಾವುದು ಅಂತ ಕೇಳುವವರಿಗೆ ಗೊತ್ತಾಗುತ್ತದೆ.

ಕೊನೆಗೆ ಎರಡು ಪದ: ‘ಇಂಟ್ಯಾಕ್ಟ್’ ಮತ್ತು ‘ಡಿಸ್ಟರ್ಬ್ಡ್’. ಮೊದಲನೆಯದು ಹಾಗೇ ಉಳಿದ ಗೋರಿಗೆ, ಎರಡನೆಯದು ನಿಧಿ ಆಸೆಗೆ ಅಗೆದು ಹಾಕಿದ್ದಕ್ಕೆ. ನಿಮ್ಮ ತೋಟದ ಅಂಚಿನಲ್ಲೇ ಇಂಥದ್ದೊಂದು ಇದ್ದರೆ ಕಲ್ಲು ಎತ್ತಿಸಬೇಡಿ, ಪುರಾತತ್ವ ಇಲಾಖೆಯವರಿಗೆ ತಿಳಿಸಿ.